ಥಂಡಿ ದಿನಗಳಲ್ಲಿ ಮನೆಯೊಳಗಿನ ಧೂಳು
(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಆರೋಗ್ಯವೇ ಭಾಗ್ಯ’. ವಿಷಯ ದೊಡ್ಡದು, ನನಗೆ ಕೊಟ್ಟ ಸಮಯ ಹದಿನೈದು ನಿಮಿಷ. ಅದಕ್ಕೆ ಅದರಲ್ಲಿ ಒಂದು ಚಿಟಿಕೆ ಮಾತ್ರ ತೆಗೆದುಕೊಂಡಿದ್ದೇನೆ. ಆ ಚಿಟಿಕೆ ಧೂಳಿನದು. ನೀವು ನಗುತ್ತಿದ್ದೀರಿ, ನಗಿರಿ. ಮೂವತ್ತೊಂದು ವರ್ಷ ನಾನು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ಹಳ್ಳಿಗಳಲ್ಲಿ, ಕೊನೆಗೆ ಬೆಟಗೇರಿಯಲ್ಲಿ ಆರೋಗ್ಯ ಸಹಾಯಕಿಯಾಗಿ ಮನೆಮನೆ ತಿರುಗಿದವಳು. ಜನ ‘ನರ್ಸಬಾಯಾರು’ ಎಂದು ಕರೆದು ಚಹಾ ಕೊಟ್ಟರು. ಚಹಾ ಕುಡಿಯುತ್ತ ನಾನು ನೋಡುತ್ತಿದ್ದದ್ದು ಮನೆಯ ಜಂತಿ, ನೆಲ, ಬಚ್ಚಲ ಒಲೆ, ಮತ್ತು ಒಳಗಿನಿಂದ ಕೇಳುವ ಕೆಮ್ಮು.

ನಮ್ಮ ಗದಗಿನ ಗಾಳಿಗೆ ಒಳ್ಳೆಯ ಹೆಸರಿದೆ. ದೇಶದಲ್ಲಿ ಗಾಳಿ ಚೆನ್ನಾಗಿರುವ ಊರುಗಳ ಪಟ್ಟಿಯಲ್ಲಿ ಗದಗಿನ ಹೆಸರು ಕೆಲವು ಸಲ ಪತ್ರಿಕೆಗಳಲ್ಲಿ ಬಂದದ್ದನ್ನು ನೀವೂ ಓದಿದ್ದೀರಿ. ಕಪ್ಪತಗುಡ್ಡದ ಗಾಳಿ ಎಂದು ನಾವೆಲ್ಲ ಹೆಮ್ಮೆಪಟ್ಟೆವು. ನನಗೂ ಹೆಮ್ಮೆ ಇದೆ. ಆದರೆ ಆ ಗಾಳಿಯನ್ನು ಅಳೆಯುವ ಯಂತ್ರ ಇರುವುದು ಗದಗಿನ ಪಂಚಾಲ ನಗರದಲ್ಲಿ, ಬಯಲಿಗೆ ಮುಖ ಮಾಡಿಕೊಂಡು. ನಮ್ಮ ಅಡುಗೆಮನೆಯಲ್ಲಿ, ಬಚ್ಚಲ ಮೂಲೆಯಲ್ಲಿ ಯಾರೂ ಯಂತ್ರ ಇಟ್ಟಿಲ್ಲ. ಮನೆಯ ಹೆಣ್ಣುಮಗಳು ಉಸಿರಾಡುವುದು ಹೆಚ್ಚಾಗಿ ಅಲ್ಲಿಯ ಗಾಳಿಯನ್ನು.

ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದು ಇಳಿದವೆಂದರೆ ನಮ್ಮಲ್ಲಿ ಧೂಳಿನ ಕಾಲ ಶುರುವಾಯಿತೆಂದು ತಿಳಿಯಬೇಕು. ಅವು ಹಿಮಾಲಯದ ಆಚೆಯಿಂದ ನವೆಂಬರ್ ಹೊತ್ತಿಗೆ ಬಂದು ಫೆಬ್ರುವರಿ ಮುಗಿಯುವ ತನಕ ಇರುತ್ತವೆ. ಅಷ್ಟೂ ದಿನ ನಮಗೆ ಮಳೆ ಇಲ್ಲವೆಂದೇ ಲೆಕ್ಕ. ವರ್ಷಕ್ಕೆ ಬೀಳುವುದೇ 600 ಮಿಲಿಮೀಟರಿನ ಆಸುಪಾಸು, ಅದೂ ದೀಪಾವಳಿಯ ಹೊತ್ತಿಗೆ ಮುಗಿದಿರುತ್ತದೆ. ಆಮೇಲೆ ಒಣ ಮೂಡಗಾಳಿ ಬೀಸುತ್ತದೆ. ಲಕ್ಷ್ಮೇಶ್ವರದ ಕಡೆ ಎರೆ ಹೊಲ ಬಿರುಕು ಬಿಡುತ್ತದೆ, ಕಪ್ಪತಗುಡ್ಡದ ಬುಡದ ಮಸಾರಿ ಪುಡಿಪುಡಿಯಾಗುತ್ತದೆ. ಮನೆಗೆ ಬಂದವನ ಅಂಗಾಲು ನೋಡಿ ಯಾವ ಹೊಲದಿಂದ ಬಂದ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಕಪ್ಪಿದ್ದರೆ ಎರೆ, ಕೆಂಪಿದ್ದರೆ ಮಸಾರಿ. ಇದೇ ಕಾಲಕ್ಕೆ ಹತ್ತಿ ಬಿಡಿಸುತ್ತೇವೆ, ಮೆಣಸಿನಕಾಯಿ ಒಣಗಿಸುತ್ತೇವೆ, ಕಡಲೆ ಒಕ್ಕುತ್ತೇವೆ. ಒಕ್ಕುವ ಯಂತ್ರ ಊರ ಮಗ್ಗುಲಲ್ಲೇ ನಿಂತಿರುತ್ತದೆ. ಅದರ ಹೊಟ್ಟು ಅರ್ಧ ಊರಿನ ಪಡಸಾಲೆಗೆ ಬರುತ್ತದೆ.

ಇದು ಹೊರಗಿನಿಂದ ಬರುವ ಧೂಳು. ಇದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹೊಲ ಇದ್ದಲ್ಲಿ ಮಣ್ಣು ಇರುತ್ತದೆ. ನನ್ನ ಮಾತು ಮನೆಯೊಳಗೆ ನಾವೇ ಹುಟ್ಟಿಸುವ ಧೂಳು, ಕೆಳಗೆ ಕೂತದ್ದನ್ನು ನಾವೇ ಮತ್ತೆ ಎಬ್ಬಿಸುವ ಧೂಳು, ಇವೆರಡರ ಬಗ್ಗೆ.

ಮೊದಲು ಹುಟ್ಟಿಸುವುದು. ಮುಂಡರಗಿ ಕಡೆಯ ಒಂದು ಊರಲ್ಲಿ ಒಬ್ಬ ತಂಗಿ ನನಗೆ ಹೇಳಿದಳು: ‘ನಮ್ಮನ್ಯಾಗ ಗ್ಯಾಸ್ ಐತ್ರಿ ಬಾಯಾರ, ಹೊಗಿ ಎಲ್ಲಿಂದ ಬರ್ತೈತ್ರಿ?’ ಹೌದು, 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳ ಅಡುಗೆ ಗ್ಯಾಸಿಗೆ ಬಂತು. ಒಳ್ಳೆಯದೇ ಆಯಿತು. ಆದರೆ ಆ ತಂಗಿಯ ಬಚ್ಚಲಲ್ಲಿ ಹಂಡೆ ಇತ್ತು, ಹಂಡೆಯ ಕೆಳಗೆ ಹತ್ತಿಕಟ್ಟಿಗೆ ಉರಿಯುತ್ತಿತ್ತು. ಮನೆಯಲ್ಲಿ ಎಂಟು ಮಂದಿ. ಬೆಳಗಿನ ಐದರಿಂದ ಎಂಟರ ತನಕ ಒಲೆ ಆರುವುದಿಲ್ಲ. ಬೇಸಿಗೆಯಲ್ಲಿ ತಣ್ಣೀರು ಹಾಕಿಕೊಳ್ಳುವ ಗಂಡಸರೂ ಥಂಡಿಯಲ್ಲಿ ಬಿಸಿನೀರು ಕೇಳುತ್ತಾರೆ. ಚಳಿ ಎಂದು ಕಿಟಕಿ ಮುಚ್ಚಿರುತ್ತದೆ, ಬೆಳಕಿಂಡಿಗೆ ಗೋಣಿಚೀಲ ತುರುಕಿರುತ್ತದೆ. ಮೇಲಾಗಿ ಥಂಡಿಯ ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಭಾರವಾಗಿ ಕೂತುಬಿಡುತ್ತದೆ. ಹೊಗೆ ಮೇಲೇರುವುದಿಲ್ಲ, ಊರ ಮೇಲೆ ಚಾದರ ಹೊದಿಸಿದಂತೆ ನಿಲ್ಲುತ್ತದೆ. ಅಡುಗೆಮನೆಯಿಂದ ಹೊರಗೆ ಹಾಕಿದ ಹೊಗೆ ಹೀಗೆ ಬಚ್ಚಲಿನಿಂದ ಮನೆಯೊಳಗೆ ಬಂತು. ಇದನ್ನು ಯಾರೂ ಎಣಿಸುತ್ತಿಲ್ಲ.

ಇನ್ನೊಂದು ಮಾತು. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೀಲ, ಹರಿದ ಚಪ್ಪಲಿ, ಸೈಕಲ್ ಟೈರಿನ ತುಂಡು ಹಾಕುವ ರೂಢಿ ಬಂದಿದೆ. ಸೀಮೆಎಣ್ಣೆ ಸಿಗದಾದ ಮೇಲೆ ಇದು ಹೆಚ್ಚಾಯಿತು ಎಂದು ನನ್ನ ಅಂದಾಜು. ದಯವಿಟ್ಟು ಇದನ್ನು ಇವತ್ತೇ ಬಿಡಿ. ಆ ಕರಿ ಹೊಗೆ ಕಟ್ಟಿಗೆಯ ಹೊಗೆಯಂತಲ್ಲ, ವಿಷ. ಒಣಗಿದ ತೆಂಗಿನ ಗರಿ, ಶೇಂಗಾ ಹೊಟ್ಟು, ಚೂರು ಕುಳ್ಳು ಸಾಕು.

ಧೂಳು ಎಂದರೆ ಕಣ್ಣಿಗೆ ಕಾಣುವುದು ಎಂದು ನಾವು ತಿಳಿದಿದ್ದೇವೆ. ಬೆಳಕಿಂಡಿಯ ಬಿಸಿಲು ಕೋಲಿನಲ್ಲಿ ಕುಣಿಯುವುದನ್ನು ನೋಡಿದ್ದೀರಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ದೊಡ್ಡ ಕಣಗಳನ್ನು ಮೂಗಿನ ಕೂದಲು, ಸಿಂಬಳ ಹಿಡಿಯುತ್ತವೆ. ಹತ್ತು ಮೈಕ್ರಾನಿಗಿಂತ ಸಣ್ಣವು ಗಂಟಲು ದಾಟುತ್ತವೆ. ಎರಡೂವರೆ ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ತಳದ ತನಕ ಹೋಗುತ್ತವೆ. ಒಲೆಯ ಹೊಗೆಯಲ್ಲಿರುವುದು ಹೆಚ್ಚಾಗಿ ಈ ಸಣ್ಣ ಜಾತಿ. ದಪ್ಪ ಕಣ ಕೆಲವು ನಿಮಿಷಗಳಲ್ಲಿ ನೆಲಕ್ಕೆ ಬೀಳುತ್ತದೆ, ಸಣ್ಣದು ಗಂಟೆಗಟ್ಟಲೆ ತೇಲುತ್ತದೆ. ಆ ಸಣ್ಣ ಜಾತಿಗೆ ನಮ್ಮ ದೇಶ ಹಾಕಿಕೊಂಡ ಮಿತಿ, ದಿನವೊಂದರ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷ ಪ್ರಪಂಚದಲ್ಲಿ 32 ಲಕ್ಷ ಜನ ತೀರಿಕೊಂಡರೆಂದು ಅದೇ ಸಂಸ್ಥೆಯ ಅಂದಾಜು.

ಲಕ್ಷದ ಲೆಕ್ಕ ನನಗೆ ಅರ್ಥವಾಗುವುದು ಅವ್ವನ ಮೂಲಕ. ನಮ್ಮದು ಆರು ಅಂಕಣದ ಮಣ್ಣಿನ ಮಾಳಿಗೆ ಮನೆ. ಅವ್ವ ನಸುಕಿನಲ್ಲಿ ಎದ್ದು ಒಲೆ ಹಚ್ಚಿ, ಆಮೇಲೆ ಇಡೀ ಮನೆ ಕಸ ಹೊಡೆಯುತ್ತಿದ್ದಳು. ಬೀಡಿ ಸೇದಿದವಳಲ್ಲ, ಎಲೆ ಅಡಿಕೆಗೆ ತಂಬಾಕು ಹಾಕಿದವಳಲ್ಲ. ನಲವತ್ತೈದು ದಾಟಿದ ಮೇಲೆ ಪ್ರತಿ ಥಂಡಿಗೂ ಕೆಮ್ಮು, ಐವತ್ತೈದಕ್ಕೆ ದಮ್ಮು. ಮಾಳಿಗೆ ಏರಲಾಗಲಿಲ್ಲ, ಹೊಲಕ್ಕೆ ನಡೆಯಲಾಗಲಿಲ್ಲ. ಹುಬ್ಬಳ್ಳಿಯಲ್ಲಿ ಡಾಕ್ಟರು ಊದಿಸಿ ನೋಡಿ, ‘ಎಷ್ಟು ವರ್ಷ ಒಲಿ ಮುಂದ ಕುಂತೀರಿ ಯಮ್ಮಾ?’ ಎಂದು ಕೇಳಿದರು. ಅವ್ವ ಬೆರಳು ಮಡಚಿ ಎಣಿಸಿ, ‘ಹನ್ನೊಂದನೇ ವರ್ಷದಿಂದ’ ಎಂದಳು. ಗಂಡಸರ ಶ್ವಾಸಕೋಶವನ್ನು ಬೀಡಿ ಕೆಡಿಸುವಂತೆ ಅವಳದನ್ನು ಒಲೆ ಕೆಡಿಸಿತ್ತು. ಹಾಗೆ ಹಾಳಾದದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಮುಂದೆ ಹಾಳಾಗದಂತೆ ತಡೆಯಬಹುದು, ಅಷ್ಟೇ.

ಹೊಗೆಯಿಲ್ಲದ ಒಲೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು, ಹಳ್ಳಿಗಳಿಗೆ ಬೇಕಾದ ವಿಜ್ಞಾನಕ್ಕಾಗಿ. ಅಲ್ಲಿ ಮಾಡಿದ ಅಸ್ತ್ರ ಒಲೆಗೆ ಹೊಗೆಕೊಳವೆ ಇತ್ತು, ಕಟ್ಟಿಗೆಯೂ ಕಡಿಮೆ ಸಾಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಲವು ಮನೆಗಳಲ್ಲಿ ಅದು ಇತ್ತು. ಒಲೆ ಒಳ್ಳೆಯದೇ, ಆದರೆ ಕೊಳವೆಯೊಳಗೆ ಮಸಿ ಕಟ್ಟುತ್ತದೆ, ಅದನ್ನು ಆಗಾಗ ಕೆರೆದು ತೆಗೆಯಬೇಕು. ತೆಗೆಯದ ಮನೆಗಳಲ್ಲಿ ಹೊಗೆ ಹಿಂದಕ್ಕೆ ಬಂತು, ಜನ ಒಲೆಯನ್ನು ಬೈದು ಒಡೆದು ಹಾಕಿದರು. ಮತ್ತೆ ಕಟ್ಟಿಕೊಡುವವರು ಬರಲಿಲ್ಲ. ಬಚ್ಚಲ ಒಲೆಗೆ ಈಗಲೂ ಒಂದು ಕೊಳವೆ ಇಡಿಸಬಹುದು. ಸಿಮೆಂಟಿನ ಕೊಳವೆ, ಮಾಳಿಗೆಯಿಂದ ಮೂರು ಅಡಿಯಾದರೂ ಮೇಲೆ ಬರಬೇಕು, ತುದಿಗೆ ಮಳೆ ಬೀಳದಂತೆ ಟೋಪಿ. ತಿಂಗಳಿಗೊಮ್ಮೆ ಮಸಿ ಕೆರೆಯಬೇಕು. ಅದಾಗದಿದ್ದರೆ ಒಲೆಯನ್ನೇ ಹಿತ್ತಲ ಗೋಡೆಯ ಆಚೆಗೆ ಸರಿಸಿ. ಶಿರಹಟ್ಟಿ ಕಡೆ ಕೆಲವು ಜಾಣ ಹೆಣ್ಣುಮಕ್ಕಳು ಹಾಗೆ ಮಾಡಿದ್ದಾರೆ. ಹಂಡೆ ಹೊರಗೆ, ನೀರು ಮಾತ್ರ ಒಳಗೆ. ಶಕ್ತಿ ಇದ್ದವರು ಮಾಳಿಗೆಯ ಮೇಲೆ ಸೌರ ಬಿಸಿನೀರಿನ ಯಂತ್ರ ಕೂಡಿಸಿ. ನಮಗೆ ಮಳೆ ಕಡಿಮೆ ಇರಬಹುದು, ಬಿಸಿಲಿಗೆ ಬರ ಬಂದದ್ದಿಲ್ಲ.

ಇನ್ನು ಎಬ್ಬಿಸುವ ಧೂಳು. ನಮ್ಮ ಅಜ್ಜಿಯರು ಮಣ್ಣಿನ ನೆಲವನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ಅದು ಮಡಿ ಮಾತ್ರ ಆಗಿರಲಿಲ್ಲ, ಪುಡಿ ಮಣ್ಣನ್ನು ಹಿಡಿದು ಕೂಡಿಸುವ ಉಪಾಯವೂ ಆಗಿತ್ತು. ಅಂಗಳಕ್ಕೆ ಥಳಿ ಹೊಡೆದೇ ಕಸ ಗುಡಿಸುತ್ತಿದ್ದರು. ಮನೆಗೆ ಫರಸಿ ಬಂತು, ಸಿಮೆಂಟು ಬಂತು, ಟೈಲ್ಸ್ ಬಂತು. ಸಾರಿಸುವುದು ಹೋಯಿತು, ಒಣ ಕಸಬರಿಗೆ ಮಾತ್ರ ಉಳಿಯಿತು. ಒಣ ಕಸಬರಿಗೆ ಧೂಳನ್ನು ಹೊರಗೆ ಹಾಕುವುದಿಲ್ಲ. ದಪ್ಪದ್ದನ್ನು ಹೊಸ್ತಿಲಾಚೆ ನೂಕಿ ಸಣ್ಣದನ್ನು ಮೂಗಿನ ಮಟ್ಟಕ್ಕೆ ಏರಿಸುತ್ತದೆ. ಕಸ ಹೊಡೆದ ಅರ್ಧ ಗಂಟೆಗೆ ಟಿವಿಯ ಮೇಲೆ ಬೆರಳಾಡಿಸಿ ನೋಡಿ, ನಿಮಗೇ ತಿಳಿಯುತ್ತದೆ.

ಆದ್ದರಿಂದ ಗುಡಿಸುವ ಮೊದಲು ಕೈಯಿಂದ ನೀರು ಚಿಮುಕಿಸಿ. ರಾಡಿಯಾಗುವಷ್ಟು ಬೇಡ, ನೆಲದ ಬಣ್ಣ ಬದಲಾಗುವಷ್ಟು ಸಾಕು. ಕಸಬರಿಗೆಯನ್ನು ಮೇಲೆತ್ತದೆ ನೆಲಕ್ಕೆ ಒತ್ತಿ ಎಳೆಯಿರಿ. ಆಮೇಲೆ ಹಿಂಡಿದ ಹಸಿ ಬಟ್ಟೆಯಿಂದ ಒರೆಸಿ. ಕಪಾಟು, ಟಿವಿ, ದೇವರ ಜಗಲಿ, ನಾಗೊಂದಿಗೆ, ಇವನ್ನು ಒಣ ಬಟ್ಟೆಯಿಂದ ಝಾಡಿಸಬೇಡಿ, ಹಸಿ ಬಟ್ಟೆಯಿಂದ ಒರೆಸಿ. ಜಂತಿಗೆ ಜೋತುಬಿದ್ದ ಕರಿ ಇಲ್ಲಣವನ್ನು ವರ್ಷಕ್ಕೊಮ್ಮೆ ಹಬ್ಬಕ್ಕೆ ಮಾತ್ರ ತೆಗೆಯುತ್ತೇವೆ. ಥಂಡಿಯಲ್ಲಿ ತಿಂಗಳಿಗೊಮ್ಮೆ ತೆಗೆಯಿರಿ, ಕೋಲಿಗೆ ಹಸಿ ಬಟ್ಟೆ ಸುತ್ತಿ, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ಮಕ್ಕಳನ್ನು ಹೊರಗೆ ಕಳಿಸಿ. ಮೇಲಿನದು ಮೊದಲು, ನೆಲ ಕೊನೆಗೆ. ಫ್ಯಾನಿನ ರೆಕ್ಕೆಯನ್ನು ಮರೆಯಬೇಡಿ. ಮೂರು ತಿಂಗಳು ನಿಂತ ಫ್ಯಾನನ್ನು ಶಿವರಾತ್ರಿ ಹೊತ್ತಿಗೆ ತಿರುಗಿಸಿದರೆ ಅಷ್ಟೂ ಧೂಳು ಮಲಗಿದ ಕೂಸಿನ ಮೇಲೆ ಬೀಳುತ್ತದೆ. ಹಳೆಯ ತಲೆದಿಂಬಿನ ಚೀಲವನ್ನು ಒದ್ದೆ ಮಾಡಿ ರೆಕ್ಕೆಗೆ ತೊಡಿಸಿ ಹಿಂದಕ್ಕೆಳೆದರೆ ಧೂಳು ಚೀಲದೊಳಗೇ ಉಳಿಯುತ್ತದೆ. ಕೌದಿ, ಕಂಬಳಿಗಳನ್ನು ಮನೆಯೊಳಗೆ ಕೊಡವದೆ ಹೊರಗೆ ಬಿಸಿಲಿಗೆ ಹಾಕಿ.

‘ಕುಡ್ಯಾಕ ನೀರಿಲ್ಲ, ನೆಲಕ್ಕ ಎಲ್ಲಿಂದ ತರೂಣ್ರಿ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಳ ಎಂಟು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ನಾನೂ ಇದ್ದವಳು. ಒಂದು ಮನೆಗೆ ಅರ್ಧ ಬಕೀಟು ಸಾಕು. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಆದರೂ ನಡೆಯುತ್ತದೆ.

ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಕ್ಕಂದಿರಿಗೆ ಒಂದು ಮಾತು. ಮಲಗುವ ಕೋಣೆಯಲ್ಲಿ ಚೀಲ ಸುರಿದುಕೊಂಡು ಕೂರಬೇಡಿ. ಕಟ್ಟೆಯ ಮೇಲೆ, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರುವಂತೆ ಕೂತುಕೊಳ್ಳಿ. ಹತ್ತಿಯ ಧೂಳಿಗೂ ಒಂದು ರೋಗ ಇದೆ, ಬಿಸ್ಸಿನೋಸಿಸ್ ಎನ್ನುತ್ತಾರೆ. ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದ ದಿನ ಎದೆ ಬಿಗಿಯುವುದು ಅದರ ಗುರುತು. ಗದಗ-ಬೆಟಗೇರಿಯಲ್ಲಿ ಹತ್ತಿ ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಡಾಕ್ಟರಿಗೆ ಅದನ್ನು ಹೇಳಲು ಮರೆಯಬೇಡಿ.

ಮತ್ತೆ, ಎಲ್ಲ ಕೆಮ್ಮನ್ನೂ ಧೂಳಿನ ತಲೆಗೆ ಕಟ್ಟಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು, ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ದಮ್ಮು ಇದ್ದವರು ಡಾಕ್ಟರು ಕೊಟ್ಟ ಪಂಪನ್ನು ಎಳೆದುಕೊಳ್ಳಿ. ‘ಪಂಪ ಹಚ್ಚಿಕೊಂಡ್ರ ಬಿಡಾಕ ಬರೂದಿಲ್ಲ’ ಎಂಬ ಮಾತಿಗೆ ಹೆದರಿ ಮಗಳ ಪಂಪನ್ನು ಟ್ರಂಕಿನಲ್ಲಿ ಮುಚ್ಚಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಆ ಔಷಧ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಗುಳಿಗೆಗಿಂತ ಬಹಳ ಕಡಿಮೆ ಪ್ರಮಾಣ ಸಾಕಾಗುತ್ತದೆ.

ಕೊನೆಯದು ನಮ್ಮ ಶಾಲೆಯದು. ಇದನ್ನು ಹೇಳಲೆಂದೇ ನಾನು ಧೂಳಿನ ವಿಷಯ ಎತ್ತಿಕೊಂಡೆ. ನಿನ್ನೆ ಎಂಟು ಮತ್ತು ಒಂಬತ್ತನೆಯ ತರಗತಿಯ ಕೋಣೆಗಳಿಗೆ ಹೋಗಿದ್ದೆ. ನೆಲದ ಸಿಮೆಂಟು ಕಿತ್ತುಹೋಗಿ ಗುಂಡಿ ಬಿದ್ದಿದೆ. ನಡೆದರೆ ಪುಡಿ ಏಳುತ್ತದೆ. ಪ್ರಾರ್ಥನೆಗೆ ಮೊದಲು ಮಕ್ಕಳೇ ಕಸ ಹೊಡೆಯುತ್ತಾರೆ. ಅದು ತಪ್ಪಲ್ಲ, ನಾವೂ ಹೊಡೆದವರೇ. ಆದರೆ ಅಂದಿನಂತೆ ಇಂದೂ ಕಸಬರಿಗೆ ಹೆಣ್ಣುಮಕ್ಕಳ ಕೈಯಲ್ಲೇ ಇದೆ, ಮತ್ತು ಎದ್ದ ಧೂಳು ಇಳಿಯುವ ಮೊದಲೇ ಎಲ್ಲರೂ ಒಳಗೆ ಕೂರುತ್ತಾರೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಸುಣ್ಣದ ಕಡ್ಡಿಯ ಪುಡಿ ಬೇರೆ. ಸಂಜೆ ಶಾಲೆ ಬಿಟ್ಟ ಮೇಲೆ ನೀರು ಚಿಮುಕಿಸಿ ಗುಡಿಸಲಿ, ಹುಡುಗರೂ ಸರದಿ ತೆಗೆದುಕೊಳ್ಳಲಿ, ಬೆಳಿಗ್ಗೆ ಬೆಂಚು ಮತ್ತು ಕರಿಹಲಗೆ ಹಸಿ ಬಟ್ಟೆಯಿಂದ ಒರೆಸಿದರೆ ಸಾಕು. ಇದಕ್ಕೆ ಖರ್ಚಿಲ್ಲ.

ನೆಲಕ್ಕೆ ಖರ್ಚಿದೆ. ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಸ್ವಾಗತ ಕಮಾನು ಕಟ್ಟಿಸುವ ಠರಾವಾಗಿದೆ. ಕಮಾನು ಬೇಡ ಎಂದು ನಾನು ಹೇಳುವುದಿಲ್ಲ, ಅದರ ಮೇಲೆ ಹೆಸರು ಬರುವ ದಾನಿಗಳಿಗೆ ನನ್ನ ಗೌರವವಿದೆ. ಕಮಾನಿನ ಎತ್ತರವನ್ನು ನಾಲ್ಕು ಅಡಿ ಇಳಿಸಿದರೆ ಎರಡು ಕೋಣೆಗೆ ಫರಸಿ ಕೂಡುತ್ತದೆ ಎಂದು ನಮ್ಮೂರ ಗೌಂಡಿಯವರು ಲೆಕ್ಕ ಹಾಕಿ ಕೊಟ್ಟಿದ್ದಾರೆ. ಕೋಣೆಗಳ ಅಳತೆ ಮತ್ತು ಅಂದಾಜು ಖರ್ಚಿನ ಚೀಟಿ ಮುಖ್ಯೋಪಾಧ್ಯಾಯರ ಟೇಬಲ್ಲಿನ ಮೇಲಿದೆ. ಊಟವಾದ ಮೇಲೆ ಸಮಿತಿಯವರು ಕೂರುವಾಗ ಅದನ್ನು ಒಂದು ಸಲ ಓದಿಸಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.