ಮೊದಲು ತಾಯಿಯನ್ನು ತೋರಿಸಿ
(ನಾಯಿ ಸಾಕುವವರ ಸಮಾವೇಶದ ಅಧ್ಯಕ್ಷ ಭಾಷಣ, ಇಕ್ಕೇರಿ)



ಅಘೋರೇಶ್ವರನ ಊರಿನಲ್ಲಿ ಮಾತಿಗೆ ನಿಂತವರು ಕೆಳದಿ ಅರಸರಿಂದ ಆರಂಭಿಸುವುದು ವಾಡಿಕೆ. ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗ ಎಂದು ಹೆಸರು ಹೇಳಿದರೆ ಸಾಕು, ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಮ್ಮ ಮೂರೂ ತಾಲ್ಲೂಕು ಒಂದೇ ದಾರದಲ್ಲಿ ಪೋಣಿಸಿದಂತಾಗುತ್ತದೆ. ಆ ಮನೆತನಕ್ಕೆ ಕೈಮುಗಿದು ನೇರ ವಿಷಯಕ್ಕೆ ಬರುತ್ತೇನೆ. ಈ ಸೀಮೆಯ ಪಶು ಆಸ್ಪತ್ರೆಗಳಲ್ಲಿ ದುಡಿದವನನ್ನು ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದ್ದೀರಿ. ನಾಯಿಯ ನಿಯತ್ತನ್ನು ಹೊಗಳಲು ನನಗಿಂತ ಚೆನ್ನಾಗಿ ಮಾತಾಡುವವರಿದ್ದಾರೆ. ನಾನು ನಾಯಿಯ ವ್ಯಾಪಾರದ ಬಗ್ಗೆ ಹೇಳುತ್ತೇನೆ.

ನಮ್ಮ ಕಡೆ ನಾಯಿಯಿಲ್ಲದ ಒಂಟಿಮನೆ ಅಪರೂಪ. ಗದ್ದೆಗೆ ಬಂದ ಹಂದಿ ಅಟ್ಟಲು, ಬಾಳೆಗೆ ಬಿದ್ದ ಮಂಗ ಓಡಿಸಲು, ರಾತ್ರಿ ಕೊಟ್ಟಿಗೆಯ ಹಿಂದೆ ಚಿರತೆ ಸುಳಿದರೆ ಕೂಗಿ ಎಬ್ಬಿಸಲು ಅದು ಬೇಕೇ ಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು ನಾಯಿಗುತ್ತಿಯನ್ನು ಅವನ ನಾಯಿ ಹುಲಿಯನಿಲ್ಲದೆ ನೆನೆಯಲಾರರು. ತೇಜಸ್ವಿಯವರ ‘ಕರ್ವಾಲೊ’ ಓದಿದವರು ಕಿವಿ ಎಂಬ ನಾಯಿಯನ್ನು ಮರೆಯಲಾರರು. ಸಾವಿರ ವರ್ಷ ಹಿಂದಿನ ಆತಕೂರು ಶಾಸನದಲ್ಲಿ, ಯುದ್ಧದ ಶೌರ್ಯಕ್ಕೆ ಬಹುಮಾನ ಕೇಳು ಎಂದರೆ ಮಣಲೆರ ಎಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯನ್ನು ಕೊಂದು ತಾನೂ ಸತ್ತಾಗ ಅದಕ್ಕೊಂದು ವೀರಗಲ್ಲು ನಿಂತಿತು.

ಹಿಂದೆ ನಮ್ಮ ಮನೆಗಳಿಗೆ ಮರಿ ಬರುತ್ತಿದ್ದ ದಾರಿ ನಿಮಗೆ ಗೊತ್ತು. ಮೇಲಿನ ಕೇರಿಯ ನಾಯಿ ಮರಿ ಹಾಕಿದೆಯಂತೆ ಎಂಬ ಸುದ್ದಿ ಬರುತ್ತಿತ್ತು. ಕಣ್ಣು ಬಿಟ್ಟ ಮೇಲೆ ಒಮ್ಮೆ, ಓಡಾಡತೊಡಗಿದ ಮೇಲೆ ಒಮ್ಮೆ ಹೋಗಿ ನೋಡಿ, ಚುರುಕಾದ್ದೊಂದನ್ನು ಆರಿಸಿ, ಹಾಲು ಬಿಟ್ಟ ಮೇಲೆ ತರುತ್ತಿದ್ದೆವು. ತಾಯಿ ಕಚ್ಚುವ ಜಾತಿಯೋ, ಕಾಯುವ ಜಾತಿಯೋ ಊರಿಗೇ ಗೊತ್ತಿತ್ತು.

ಈಗ ಮರಿ ಮೊದಲು ಬರುವುದು ಫೋನಿನೊಳಗೆ. ಬೆತ್ತದ ಬುಟ್ಟಿಯಲ್ಲಿ ರಿಬ್ಬನ್ ಕಟ್ಟಿಕೊಂಡು ಕೂತ ಫೋಟೊ, ಕೆಳಗೆ ಬೆಲೆ. ದುಡ್ಡು ಹಾಕಿದ ಮಾರನೆಯ ರಾತ್ರಿ ಬಸ್ಸಿಗೆ ತೂತು ಕೊರೆದ ರಟ್ಟಿನ ಪೆಟ್ಟಿಗೆ ಏರುತ್ತದೆ. ಬೆಳಗಿನ ಜಾವ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡವರಿಗೆ ಅದರ ತಾಯಿ ಯಾರು, ಹುಟ್ಟಿದ್ದೆಲ್ಲಿ, ಯಾವ ದಿನ ಎಂಬುದು ಒಂದೂ ಗೊತ್ತಿರುವುದಿಲ್ಲ. ಅಡಿಕೆ ಗೋಟು ಬಿತ್ತನೆಗೆ ತರುವಾಗ ತಾಯಿಮರ ಯಾವುದು, ಎಷ್ಟು ವರ್ಷದ್ದು, ಗೊನೆ ಹೇಗೆ ಬಿಡುತ್ತದೆ ಎಂದು ಮೂರು ಮೂರು ಸಲ ಕೇಳುವ ಜನ ನಾವು. ಮನೆಯೊಳಗೆ ಮಗುವಿನ ಪಕ್ಕ ಮಲಗುವ ಪ್ರಾಣಿಯ ವಿಷಯದಲ್ಲಿ ಮಾತ್ರ ಆ ಬುದ್ಧಿಯನ್ನು ಹೊರಗೇ ಬಿಟ್ಟು ಬರುತ್ತೇವೆ.

ಇವತ್ತು ನಾನು ಹೇಳಬೇಕಾದ್ದು ಇಷ್ಟೇ: ತಾಯಿಯನ್ನು ತೋರಿಸದೆ ಮರಿ ಮಾರುವವನನ್ನು ನಂಬಬೇಡಿ. ಉಳಿದ ಲಕ್ಷಣಗಳೆಲ್ಲ ಇದರ ಬೆನ್ನಿಗೇ ಬರುತ್ತವೆ.

ಅವನೇಕೆ ತೋರಿಸುವುದಿಲ್ಲ? ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಗಬ್ಬದ ಅವಧಿ ಸುಮಾರು 63 ದಿನ. ದುಡ್ಡೇ ಗುರಿಯಾದವನು ಒಂದು ಬೆದೆಯನ್ನೂ ಖಾಲಿ ಹೋಗಲು ಬಿಡುವುದಿಲ್ಲ. ಮರಿಗಳನ್ನು ಬೇಗ ಬಿಡಿಸಿ, ಮುಂದಿನ ಬೆದೆಗೆ ಮತ್ತೆ ಕ್ರಾಸಿಂಗ್ ಮಾಡಿಸುತ್ತಾನೆ. ಹಾಗೆ ಸೂಲಿನ ಮೇಲೆ ಸೂಲು ಹಾಕಿದ ಲ್ಯಾಬ್ರಡಾರ್ ಒಂದನ್ನು ಘಟ್ಟದ ರಸ್ತೆಯ ತಿರುವಿನಿಂದ ಯಾರೋ ಪುಣ್ಯಾತ್ಮರು ಎತ್ತಿ ನನ್ನ ಬಳಿ ತಂದಿದ್ದರು. ಮೊಲೆಗಳು ನೆಲ ಮುಟ್ಟುವಂತೆ ಜೋತುಬಿದ್ದಿದ್ದವು. ಉಗುರುಗಳು ಸುರುಳಿ ಸುತ್ತಿ ಅಂಗಾಲಿಗೆ ನಾಟಿದ್ದವು, ಮಣ್ಣಿನ ಮೇಲೆ ನಡೆದೇ ಇರದ ನಾಯಿಗೆ ಹಾಗಾಗುತ್ತದೆ. ಮೊಣಕೈಗಳಲ್ಲಿ ಸಿಮೆಂಟಿನ ಮೇಲೆ ಮಲಗಿ ಮಲಗಿ ಬಂದ ಜಡ್ಡು. ಕಬ್ಬಿಣದ ಸರಳು ಕಡಿದು ಕೋರೆಹಲ್ಲು ಅರ್ಧ ಸವೆದಿತ್ತು. ಬಾಗಿಲು ತೆರೆದಿಟ್ಟರೂ ಹೊರಗೆ ಕಾಲಿಡಲು ಅದಕ್ಕೆ ಧೈರ್ಯವಿರಲಿಲ್ಲ. ಅಂಥ ತಾಯಿಯನ್ನು ಗಿರಾಕಿಗೆ ತೋರಿಸಿದರೆ ಯಾರು ತಾನೇ ಮರಿ ಕೊಂಡಾರು?

ಇನ್ನು ಮರಿಯ ಲಕ್ಷಣ. ಎರಡು ತಿಂಗಳಾಗಿದೆ ಎಂದರೆ ತುಟಿ ಎತ್ತಿ ಬಾಯಿ ನೋಡಿ. ಎಂಟು ವಾರಕ್ಕೆ 28 ಹಾಲುಹಲ್ಲೂ ಬಹುಮಟ್ಟಿಗೆ ಬಂದಿರಬೇಕು. ಮುಂದಿನ ಹಲ್ಲು ಈಗಷ್ಟೇ ಇಣುಕುತ್ತಿದ್ದು ದವಡೆ ಬೋಳಾಗಿದ್ದರೆ ಅದು ತಿಂಗಳ ಕೂಸು. ಆಮೇಲೆ ಚುಚ್ಚುಮದ್ದಿನ ಕಾರ್ಡು ನೋಡಿ. ಲಸಿಕೆ ಸೀಸೆಯ ಚೀಟಿ ಅಂಟಿಸಿರಬೇಕು, ವೈದ್ಯರ ಸಹಿಯ ಜೊತೆ ನೋಂದಣಿ ಸಂಖ್ಯೆ ಇರಬೇಕು. ಹುಟ್ಟಿ ಇಪ್ಪತ್ತೈದು ದಿನಕ್ಕೇ ಲಸಿಕೆ ಹಾಕಿಸಿದ್ದೇವೆ ಎಂದು ಬರೆದಿದ್ದರೆ ಆ ಕಾರ್ಡಿಗೆ ಬೆಲೆಯಿಲ್ಲ. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವಷ್ಟು ದಿನ ಲಸಿಕೆ ನಾಟುವುದು ಅನುಮಾನ, ಅದಕ್ಕೇ ಮತ್ತೆ ಮತ್ತೆ ಕೊಡುವುದು.

ಮಾತಿನಲ್ಲೂ ಗುರುತು ಸಿಗುತ್ತದೆ. ಯಾವ ತಳಿ ಕೇಳಿದರೂ ಇದೆ ಎನ್ನುವವನು, ಮನೆಗೆ ಬರುತ್ತೇವೆ ಎಂದರೆ ‘ನೀವ್ಯಾಕೆ ಕಷ್ಟಪಡ್ತೀರಿ, ನಾನೇ ಕಳಿಸ್ತೀನಿ’ ಎನ್ನುವವನು, ‘ಇವತ್ತೇ ಹೇಳಿ, ನಾಳೆಗೆ ಇರೋದಿಲ್ಲ’ ಎಂದು ಅವಸರಪಡಿಸುವವನು, ರಸೀದಿ ಕೊಡದವನು, ಇವರೆಲ್ಲ ದಲ್ಲಾಳಿಗಳು. ‘ಕೆಸಿಐ ಪೇಪರ್ ಇದೆ’ ಎಂಬ ಮಾತಿಗೂ ಮರುಳಾಗಬೇಡಿ. ಕೆನಲ್ ಕ್ಲಬ್ಬಿನ ಕಾಗದ ವಂಶಾವಳಿ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಒಳ್ಳೆಯ ಬ್ರೀಡರ್ ನಿಮ್ಮನ್ನೇ ತಿರುಗಿ ಪ್ರಶ್ನಿಸುತ್ತಾನೆ: ಮನೆಯಲ್ಲಿ ಯಾರಿರುತ್ತಾರೆ, ಸರಪಳಿಯಲ್ಲೇ ಕಟ್ಟುತ್ತೀರಾ, ಸಾಕಲಾಗದಿದ್ದರೆ ನನಗೇ ವಾಪಸ್ಸು ಕೊಡುತ್ತೀರಾ? ಅಂಥವರು ನಮ್ಮ ನಾಡಿನಲ್ಲಿದ್ದಾರೆ. ಕಳ್ಳ ವ್ಯಾಪಾರದಿಂದ ಮೊದಲು ಹೊಡೆತ ತಿನ್ನುವವರೂ ಅವರೇ.

ಕೇಡು ಎಲ್ಲೆಲ್ಲಿಗೆ ತಲುಪುತ್ತದೆ ನೋಡಿ. ಮೊದಲನೆಯದು ಪಾರ್ವೊ ರೋಗ. ವೈರಸ್ ಮೈಗೆ ಹೊಕ್ಕು ಮೂರರಿಂದ ಏಳು ದಿನಕ್ಕೆ ರೋಗ ಕಾಣಿಸುತ್ತದೆ. ಹಾಗಾಗಿ ಪೆಟ್ಟಿಗೆಯಿಂದ ಇಳಿದ ದಿನ ಕುಣಿಯುತ್ತಿದ್ದ ಮರಿ ಐದನೆಯ ದಿನ ವಾಂತಿ, ರಕ್ತಭೇದಿ ಶುರುಮಾಡುತ್ತದೆ. ಫೋನ್ ಮಾಡಿದರೆ ‘ನಮ್ಮಲ್ಲಿ ಚೆನ್ನಾಗೇ ಇತ್ತು, ನೀವು ಏನು ತಿನ್ನಿಸಿದಿರಿ?’ ಎಂಬ ಉತ್ತರ. ಮರಿ ಸತ್ತರೂ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ಲಸಿಕೆಯಿಲ್ಲದ ಕೇರಿಯ ಮರಿಗಳಿಗೂ ದಾಟುತ್ತದೆ.

ಎರಡನೆಯದು ನಿಧಾನವಾಗಿ ಬರುವ ಕೇಡು. ಅಣ್ಣ-ತಂಗಿ, ತಾಯಿ-ಮಗ ಎನ್ನದೆ ಒಂದೇ ಗೂಡಿನಲ್ಲಿ ಕೂಡಿಸಿದರೆ ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳ ಸೊಂಟದ ಕೀಲು ಸಡಿಲವಾಗುವುದು ಹೆಚ್ಚಾಗಿ ವಂಶದಿಂದಲೇ. ತಾಯಿ ತಂದೆಯ ಸೊಂಟದ ಎಕ್ಸ್‌ರೇ ತೆಗೆಸಿ ಕೂಡಿಸುವವರು ನಮ್ಮಲ್ಲಿ ಎಷ್ಟು ಮಂದಿ? ಬೇಡಿಕೆ ಏರಿದಾಗ ಈ ಕೇಡೂ ಏರುತ್ತದೆ. 2003ರಲ್ಲಿ ಹಚ್ ಮೊಬೈಲಿನ ಜಾಹೀರಾತು ಬಂದ ಮೇಲೆ ಪಗ್ ಮನೆಮಾತಾಯಿತು. ಮೂಗು ಚಪ್ಪಟೆಯಾದಷ್ಟೂ ಬೆಲೆ ಏರಿತು, ಉಸಿರಾಟ ಕಷ್ಟವಾಯಿತು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ಅದಕ್ಕೂ ಬೇಡಿಕೆ ಬಂತು. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಬಳಿಯ ತಿಮ್ಮಾಪುರ ಕೇಂದ್ರದಲ್ಲಿ ಆ ತಳಿಯನ್ನು ಜೋಪಾನ ಮಾಡುತ್ತಿದ್ದರೆ, ಇತ್ತ ಸಣಕಲು ಮೈಯ ಯಾವ ನಾಯಿಯಾದರೂ ಮುಧೋಳವೆಂದು ಮಾರಾಟವಾಗತೊಡಗಿತು. 2022ರ ‘777 ಚಾರ್ಲಿ’ ಸಿನಿಮಾ ನಿರ್ದಯ ಬ್ರೀಡರ್‌ನಿಂದ ತಪ್ಪಿಸಿಕೊಂಡ ನಾಯಿಯ ಕಥೆ. ರಕ್ತಸಂಬಂಧದಲ್ಲಿ ಕೂಡಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಿದ ಕಥೆ. ಅದನ್ನು ನೋಡಿ ಕಣ್ಣೊರೆಸಿಕೊಂಡು ಬಂದವರೇ ನನ್ನನ್ನು ಕೇಳಿದ್ದು: ‘ಡಾಕ್ಟ್ರೇ, ಲ್ಯಾಬ್ ಮರಿ ಎಲ್ಲಿ ಕಮ್ಮಿಗೆ ಸಿಗುತ್ತೆ?’

ಮೂರನೆಯದು ನಮ್ಮ ಸೀಮೆಗೇ ವಿಶೇಷ. ಹಿಮದ ನಾಡಿನ ಹಸ್ಕಿಯನ್ನೋ ಸೇಂಟ್ ಬರ್ನಾರ್ಡನ್ನೋ ತಂದು ಹೊಸನಗರದ ಆಷಾಢದ ಮಳೆಗೆ ಕಟ್ಟಿದರೆ ಎರಡು ಪದರದ ಕೂದಲು ತಿಂಗಳುಗಟ್ಟಲೆ ಒಣಗುವುದಿಲ್ಲ, ಚರ್ಮ ಕೊಳೆಯುತ್ತದೆ. ಉಣುಗು ಆ ಕೂದಲಿನೊಳಗೆ ಸೇರಿಕೊಂಡು ಜ್ವರ ತರುತ್ತದೆ. ‘ಎಲ್ಲ ಹವಾಮಾನಕ್ಕೂ ಹೊಂದಿಕೊಳ್ಳುತ್ತೆ ಸಾರ್’ ಎಂದು ಮಾರಿದವನು ನಮ್ಮ ಮಳೆಗಾಲ ಕಂಡವನಲ್ಲ.

ನಾಲ್ಕನೆಯದು ಸ್ವಭಾವ. ಮೂರನೆಯ ವಾರದಿಂದ ಮೂರು ತಿಂಗಳವರೆಗೆ ಮರಿ ಜಗತ್ತನ್ನು ಕಲಿಯುತ್ತದೆ. ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಒಡಹುಟ್ಟುಗಳ ಜೊತೆ ಕಚ್ಚಾಡಿಯೇ ಅರಿಯುತ್ತದೆ. ತಿಂಗಳಿಗೇ ಬಿಡಿಸಿ ಕತ್ತಲ ಪೆಟ್ಟಿಗೆಗೆ ಹಾಕಿದ ಮರಿ ಬೆಳೆದು ಅಂಜುಬುರುಕವೋ ಕಚ್ಚುಬುರುಕವೋ ಆಗುವ ಸಂಭವ ಹೆಚ್ಚು. ಸಾಕಲಾಗದವರು ರಾತ್ರೋರಾತ್ರಿ ಕಾಡಿನ ದಾರಿಯಲ್ಲಿ ಬಿಟ್ಟು ಬರುತ್ತಾರೆ. ಲಸಿಕೆಯಿಲ್ಲದೆ ಬೀದಿಗೆ ಬಿದ್ದ ನಾಯಿ ಚಿರತೆಯ ಬಾಯಿಗೆ ಬೀಳದಿದ್ದರೆ ರೇಬೀಸ್ ಹರಡುವ ಸರಪಳಿಯಲ್ಲಿ ಒಂದು ಕೊಂಡಿಯಾಗುತ್ತದೆ.

ಬ್ರೀಡರ್ ಎಂದರೆ ಬೆಂಗಳೂರಿನ ಯಾವನೋ ಎಂದುಕೊಂಡು ನಾವು ಪಾರಾಗುವಂತಿಲ್ಲ. ‘ಒಂದು ಸಲವಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ಹೆಣ್ಣುನಾಯಿಗೆ ಕಾಯಿಲೆ’ ಎಂಬ ಮಾತು ಪ್ರತಿ ಊರಿನಲ್ಲೂ ಇದೆ. ಇದಕ್ಕೆ ಆಧಾರವಿಲ್ಲ. ಬದಲಿಗೆ ಸಕಾಲದಲ್ಲಿ ಸಂತಾನಹರಣ ಮಾಡಿಸಿದ ಹೆಣ್ಣಿಗೆ ಗರ್ಭಕೋಶದ ಕೀವು ಬರುವುದಿಲ್ಲ, ಮೊಲೆಯ ಗಡ್ಡೆಯ ಭಯ ಕಡಿಮೆ. ಗಂಡು ನಾಯಿ ಇಟ್ಟುಕೊಂಡು ಕ್ರಾಸಿಂಗಿಗೆ ಒಂದು ಮರಿ ಪಾಲು ಕೇಳುವವರು, ಹುಟ್ಟಿದ ಎಂಟು ಮರಿಯಲ್ಲಿ ನಾಲ್ಕು ಗಂಡನ್ನು ಮಾರಿ ನಾಲ್ಕು ಹೆಣ್ಣನ್ನು ಸಂತೆಯ ಮೂಲೆಯಲ್ಲಿ ಬಿಟ್ಟು ಬರುವವರು ನಮ್ಮ ನಡುವೆಯೇ ಇದ್ದಾರೆ. ಇದು ಕಹಿ ಮಾತು, ಆದರೆ ಈ ಸಭೆಯಲ್ಲೇ ಆಡಬೇಕಾದ ಮಾತು.

ಕಾನೂನು ಇಲ್ಲವೇ? ಇದೆ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು, ಎಂಟು ವರ್ಷ ದಾಟಿದ ಮೇಲೆ ಕೂಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ ಸೂಲು. ನಾಯಿಗಳಿಗೆ ಮೈಕ್ರೊಚಿಪ್ ಹಾಕಿಸಬೇಕು. ಆದರೆ ಈ ನಿಯಮಗಳ ಬೆನ್ನಿಗಿರುವ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಹಿಂಸೆಯ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಮರಿಗೆ ಹತ್ತು ಸಾವಿರ ಎಣಿಸುವವನಿಗೆ ಇದು ಚಹಾದ ಖರ್ಚು.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ‘ಉಗ್ರ’ ಎಂದು ಹೆಸರಿಸಿದ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲಿನಲ್ಲಿ ಅದನ್ನು ರದ್ದುಪಡಿಸಿತು. ತಳಿಯ ಪಟ್ಟಿ ಮಾಡುವುದು ಸುಲಭ. ತಳಿ ಬೆಳೆಸುವವನ ಗೂಡಿಗೆ ಹೋಗಿ ನೋಡುವುದು ಕಷ್ಟ, ಅಗತ್ಯವಿರುವುದು ಅದೇ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲಿನಿಂದ ಜಾರಿಯಲ್ಲಿರುವ ‘ಲೂಸಿ ಕಾನೂನು’ ಆರು ತಿಂಗಳೊಳಗಿನ ಮರಿಗಳನ್ನು ದಲ್ಲಾಳಿಗಳು ಮಾರುವುದನ್ನು ನಿಲ್ಲಿಸಿತು. ಮರಿ ಹುಟ್ಟಿದ ಜಾಗದಲ್ಲೇ, ತಾಯಿಯ ಜೊತೆಯಲ್ಲೇ ತೋರಿಸಿ ಮಾರಬೇಕು. ಮರಿಗಳ ಕಾರ್ಖಾನೆಯೊಂದರಲ್ಲಿ ಹೆತ್ತು ಹೆತ್ತು ಹಾಳಾದ ಲೂಸಿ ಎಂಬ ತಾಯಿನಾಯಿಯ ಹೆಸರೇ ಆ ಕಾನೂನಿಗೆ ಬಂತು. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಕೊಳ್ಳುವವರೆಲ್ಲ ತಾಯಿಯನ್ನು ತೋರಿಸಿ ಎಂದು ಹಟ ಹಿಡಿದರೆ ಅದೇ ಕೆಲಸ ಆಗುತ್ತದೆ.

ಆದ್ದರಿಂದ ಈ ಸಮಾವೇಶದ ಮುಂದೆ ನಾಲ್ಕು ನಿರ್ಣಯಗಳನ್ನು ಇಡುತ್ತಿದ್ದೇನೆ. ಒಂದು, ತಾಯಿಯನ್ನು ಕಣ್ಣಾರೆ ನೋಡದೆ ನಾವು ಯಾರೂ ಮರಿ ತರುವುದಿಲ್ಲ, ಬಸ್ಸಿನ ಪೆಟ್ಟಿಗೆಯಲ್ಲಿ ತರಿಸುವುದಿಲ್ಲ. ಎರಡು, ಮೂರೂ ತಾಲ್ಲೂಕಿನಲ್ಲಿ ಮರಿ ಮಾರುವವರ ನೋಂದಣಿ ಪತ್ರವನ್ನು ಪಶುಪಾಲನಾ ಇಲಾಖೆ ಪರಿಶೀಲಿಸಬೇಕು, ಪಟ್ಟಿಯನ್ನು ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಹಾಕಬೇಕು. ಮೂರು, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ನೆರವು ಕೋರಿ, ಮಳೆಗಾಲಕ್ಕೆ ಮೊದಲು ಸಂತಾನಹರಣ ಮತ್ತು ಲಸಿಕೆ ಶಿಬಿರಗಳನ್ನು ಹೋಬಳಿ ಮಟ್ಟದಲ್ಲಿ ನಡೆಸಬೇಕು. ನಾಲ್ಕು, ಹೊಸದಾಗಿ ನಾಯಿ ಬೇಕೆನ್ನುವವರಿಗೆ ನಮ್ಮದೇ ಊರಿನ ಮರಿಗಳನ್ನು ಲಸಿಕೆ ಹಾಕಿಸಿ ಕೊಡುವ ಏರ್ಪಾಡು ಆಗಬೇಕು. ನಮ್ಮ ಮಳೆ, ನಮ್ಮ ಇಂಬಳ, ನಮ್ಮ ಕಾಡು ಕಂಡು ಉಳಿದ ನಾಯಿ ಅದು. ಅದನ್ನು ಕಂತ್ರಿ ಎಂದು ಕರೆಯುವುದನ್ನು ಬಿಟ್ಟರೆ ಸಾಕು, ಕಾವಲಿಗೆ ಇನ್ನೊಂದು ಹುಡುಕಬೇಕಾಗಿಲ್ಲ.

ಮೊದಲನೆಯ ನಿರ್ಣಯಕ್ಕೆ ಸರ್ಕಾರದ ಅನುದಾನ ಬೇಡ, ಅಧಿಕಾರಿಯ ಸಹಿ ಬೇಡ. ಕಷ್ಟವಾದದ್ದೂ ಅದೇ, ಏಕೆಂದರೆ ಮನೆಯ ಮಕ್ಕಳು ಫೋಟೊ ಹಿಡಿದು ಹಟ ಮಾಡುವಾಗ ಇಲ್ಲ ಎನ್ನಬೇಕಾದವರು ನಾವು. ಹಾಗಾಗಿ ಚರ್ಚೆ ಅದರಿಂದಲೇ ಆರಂಭವಾಗಲಿ. ವಿರೋಧವಿರುವವರು ಮೊದಲು ಮಾತಾಡಲಿ, ಆಮೇಲೆ ಕೈ ಎತ್ತಿಸೋಣ.