ಡಬ್ಲ್ಯು ಹಾಕಿದ್ರ ಓಪನ್ ಆಗ್ತದ, ಬಿಟ್ರ ಆಗೂದಿಲ್ಲ: ಯಾಕ?

ಇವತ್ತಿನ ಮಾತು ವೆಬ್‌ಸೈಟಿನ ವಿಳಾಸದ ಬಗ್ಗೆ. ಕೇಳಾಕ ಸಣ್ಣದು ಅನ್ನಿಸ್ತದ, ಆದ್ರ ಗಿರಾಕಿ ಕೈತಪ್ಪಿ ಹೋಗೋ ವಿಷಯ ಇದು.

ಇಂಡಿ ತಾಲೂಕಿನ ತಾಂಬಾ ಊರಿನ ಉದಾಹರಣೆ ತಗೊಳ್ಳೋಣ. ಇಂಡಿ ಅಂದ್ರ ಲಿಂಬೆ ಸೀಮೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲೇ ಇದೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, 2025ರಲ್ಲಿ ಯುಎಇಗೂ ರಫ್ತಾಯಿತು. ಹಿಂಗಿರುವಾಗ ತಾಂಬಾದ ಒಬ್ಬ ಹುಡುಗ ಮನೆಯ ಲಿಂಬೆ ಉಪ್ಪಿನಕಾಯಿ ಮಾರಾಕ ಒಂದು ಸೈಟ್ ಮಾಡ್ಯಾನ ಅಂತ ಅನ್ಕೊಳ್ರಿ. ಹೆಸರು ತಾಂಬಾಲಿಂಬೆ ಡಾಟ್ ಇನ್. ಹುಡುಗನೂ ಹೆಸರೂ ಎರಡೂ ಕಲ್ಪನೆ, ಹುಡುಕಾಕ ಹೋಗಬ್ಯಾಡ್ರಿ.

ಬಾಟಲಿಗೆ ಹಚ್ಚೋ ಸ್ಟಿಕರ್ ಪ್ರಿಂಟ್ ಹಾಕಿಸ್ತಾನ. ಮುಂದೆ ಮೂರು ಡಬ್ಲ್ಯು ಹಾಕೂದಿಲ್ಲ, ಈಗ ಯಾರು ಹಾಕ್ತಾರ? ಪುಣೆದಾಗ ಒಬ್ಬರು ಸ್ಟಿಕರ್ ನೋಡಿ ಹೆಸರು ಟೈಪ್ ಮಾಡ್ತಾರ. ಸೈಟ್ ಬರೂದಿಲ್ಲ. ಅವರು ಫೋನ್ ಮಾಡಿ ಹೇಳ್ತಾರೇನು? ಇಲ್ಲ, ಬೇರೆ ಕಡೆ ತಗೋತಾರ. ಇತ್ತ ಹುಡುಗನ ಫೋನಿನಲ್ಲಿ ಸೈಟ್ ಚಂದಾಗಿ ಓಪನ್ ಆಗ್ತಾ ಇರ್ತದ. ಯಾಕಂದ್ರ ಮೊದಲ ದಿನ ಅವನು ಡಬ್ಲ್ಯು ಹಾಕಿ ತೆರೆದಿದ್ದ, ಬ್ರೌಸರ್ ಅದನ್ನೇ ನೆನಪಿಟ್ಟು ತಾನೇ ತುಂಬಿಸ್ತಾ ಇದೆ. ಮೇಲಾಗಿ ಕ್ರೋಮ್ 2019ರಿಂದ ವಿಳಾಸದ ಸಾಲಿನಲ್ಲಿ ಆ ಡಬ್ಲ್ಯುಗಳನ್ನು ಮುಚ್ಚಿಡ್ತದ. ಹಿಂಗಾಗಿ ಅವನಿಗೆ ತೊಂದರೆ ಇರೋದೇ ಗೊತ್ತಾಗೂದಿಲ್ಲ.

ಮೂಲ ಸಂಗತಿ ಏನಂದ್ರ, ಡಬ್ಲ್ಯು ಇರುವ ಹೆಸರು ಮತ್ತು ಇಲ್ಲದ ಹೆಸರು, ಇವೆರಡೂ ಬೇರೆ ಬೇರೆ ಹೆಸರುಗಳು. ಡಬ್ಲ್ಯು ಅನ್ನೋದು ಅಲಂಕಾರ ಅಲ್ಲ. ಮೊದಲು ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಇರ್ತಿತ್ತು. ಟಪಾಲಿನ ಯಂತ್ರಕ್ಕೆ ಮೇಲ್ ಅಂತ, ಫೈಲ್ ಕೊಡೋದಕ್ಕೆ ಎಫ್‌ಟಿಪಿ ಅಂತ, ವೆಬ್ ಯಂತ್ರಕ್ಕೆ ಡಬ್ಲ್ಯು ಅಂತ ಹೆಸರಿಡೋ ರೂಢಿ ಬಿತ್ತು. ಅದು ಬರೀ ರೂಢಿ. ಜಗತ್ತಿನ ಮೊದಲ ವೆಬ್‌ಸೈಟ್, ಸರ್ನ್ ಸಂಸ್ಥೆಯದ್ದು, ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್ ಅಂತ ಇತ್ತು, ಅದರಾಗ ಡಬ್ಲ್ಯು ಇರಲೇ ಇಲ್ಲ.

ಹೆಸರಿನಿಂದ ಯಂತ್ರದ ನಂಬರ್ ಹುಡುಕಿಕೊಡೋ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇದನ್ನು ರೂಪಿಸಿದರು, ಇವತ್ತಿಗೂ ಆಧಾರವಾಗಿರೋ ನಿಯಮಗಳು 1987ರಲ್ಲಿ ಬಂದವು. ಡೊಮೇನ್ ಕೊಂಡ ಕಂಪನಿಯ ಪುಟದಲ್ಲಿ ಲಾಗಿನ್ ಆದ್ರ ಡಿಎನ್‌ಎಸ್ ಅನ್ನೋ ಭಾಗ ಸಿಗ್ತದ. ಅಲ್ಲಿ ಎ ರೆಕಾರ್ಡ್ ಅಂದ್ರ ಈ ಹೆಸರಿಗೆ ಈ ನಂಬರ್ ಅಂತ ಅರ್ಥ. ಸಿನೇಮ್ ಅಂದ್ರ ಈ ಹೆಸರಿನ ಬಗ್ಗೆ ನನ್ನನ್ನ ಕೇಳಬ್ಯಾಡ, ಆ ಇನ್ನೊಂದು ಹೆಸರನ್ನ ಕೇಳು ಅಂತ ಅರ್ಥ.

ಬಹಳ ಮಂದಿ ಸಿಕ್ಕಿಬೀಳೋದು ಸಿನೇಮ್ ಹತ್ರನೇ. ಹೋಸ್ಟಿಂಗ್‌ನವರು ಡಬ್ಲ್ಯು ಹೆಸರಿಗೆ ಸಿನೇಮ್ ಹಾಕ್ರಿ ಅಂತಾರ, ಹಾಕ್ತೀವಿ, ಸೈಟ್ ಬರ್ತದ. ಆಮೇಲೆ ಡಬ್ಲ್ಯು ಇಲ್ಲದ ಬರಿ ಹೆಸರಿಗೂ ಅದೇ ಸಿನೇಮ್ ಹಾಕಾಕ ಹೋಗ್ತೀವಿ. ಹಾಕಬಾರದು. 1987ರ ನಿಯಮದ ಪ್ರಕಾರ ಒಂದು ಹೆಸರಿಗೆ ಸಿನೇಮ್ ಇದ್ದರೆ ಅದೇ ಹೆಸರಿಗೆ ಬೇರೆ ರೆಕಾರ್ಡ್ ಇರುವಂತಿಲ್ಲ. ಅಂಚೆಯವರಿಗೆ ನಮ್ಮ ಮನೆಯದ್ದೆಲ್ಲಾ ಕಾಕಾನ ಮನೆಗೆ ಕೊಡ್ರಿ ಅಂತ ಬರಕೊಟ್ಟ ಮೇಲೆ, ಒಂದು ಪಾರ್ಸೆಲ್ ಮಾತ್ರ ನಮಗ ತರ್ರಿ ಅಂದ್ರ ಹೆಂಗ? ಬರಿ ಹೆಸರಿಗೆ ಎನ್‌ಎಸ್ ಮತ್ತು ಎಸ್‌ಒಎ ಅನ್ನೋ ಎರಡು ರೆಕಾರ್ಡ್ ಇರಲೇಬೇಕು. ಇಮೇಲ್ ಇದ್ದರೆ ಎಂಎಕ್ಸ್ ಕೂಡ ಅಲ್ಲೇ ಇರುತ್ತೆ. ಒಳ್ಳೆಯ ಕಂಪನಿಯ ಪುಟ ಇಂಥ ಸಿನೇಮ್ ಅನ್ನು ಉಳಿಸಾಕ ಬಿಡೂದಿಲ್ಲ. ಬಿಟ್ಟರೆ ಇನ್ನೂ ಕೆಟ್ಟದ್ದು: ಸೈಟ್ ಬರ್ತದ, ಆರ್ಡರ್‌ನ ಮೇಲ್ ಮಾತ್ರ ಎಲ್ಲಿಗೋ ಹೋಗ್ತದ, ಇಲ್ಲಾ ವಾಪಸ್ ಆಗ್ತದ.

ಹಂಗಾದ್ರ ಬರಿ ಹೆಸರಿಗೆ ಎ ರೆಕಾರ್ಡ್ ಹಾಕ್ಬೇಕು. ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆ ಸೈಟ್ ಇಟ್ಟವರಿಗೆ ನಾಲ್ಕು ನಂಬರ್ ಇವೆ: 185.199.108.153ರಿಂದ ಶುರು, ಮೂರನೇ ಅಂಕಿ 109, 110, 111 ಆಗ್ತಾ ಹೋಗ್ತದ. ನಾಲ್ಕನ್ನೂ ಹಾಕ್ರಿ. ಬೇರೆ ಕಡೆ ಇಟ್ಟವರು ಅವರವರ ನಂಬರ್ ಕೇಳ್ಕೊಳ್ರಿ, ವಿಡಿಯೋದಾಗ ನೋಡಿದ್ದನ್ನ ಹಂಗೇ ಹೊಡೀಬ್ಯಾಡ್ರಿ. ಕೆಲವು ಕಂಪನಿಗಳು ಅಲಿಯಾಸ್ ಅಂತ ಒಂದು ಸೌಲಭ್ಯ ಕೊಡ್ತಾವ, ಕ್ಲೌಡ್‌ಫ್ಲೇರ್ ಅದೇ ಕೆಲಸವನ್ನ ಸಿನೇಮ್ ಫ್ಲ್ಯಾಟನಿಂಗ್ ಅಂತ ಮಾಡ್ತದ. ನೋಡಾಕ ಸಿನೇಮ್, ಹೊರಗೆ ಉತ್ತರ ಹೋಗೋದು ನಂಬರ್ ಆಗಿ. ಅದು ಇದ್ದರೆ ಚಲೋನೇ ಆಯ್ತು.

ಈಗ ಎರಡೂ ಹೆಸರು ಉತ್ತರ ಕೊಡ್ತಾವ. ಮುಗೀತೇನು? ಇಲ್ಲ. ಎರಡರಲ್ಲಿ ಒಂದನ್ನು ಮುಖ್ಯ ಅಂತ ಆರಿಸ್ಕೊಂಡು, ಇನ್ನೊಂದಕ್ಕೆ ಬಂದವರನ್ನ ಅಲ್ಲಿಗೆ ಕಳಿಸ್ಬೇಕು. ಯಾವುದು ಅನ್ನೋದು ನಿಮ್ಮ ಇಷ್ಟ. ಸ್ಟಿಕರ್ ಮೇಲೆ ಬರಿ ಹೆಸರು ಇದ್ದರೆ ನಾನಂತೂ ಅದನ್ನೇ ಮುಖ್ಯ ಮಾಡ್ತೀನಿ. ಈ ಕಳಿಸೋ ಕೆಲಸವೇ ರೀಡೈರೆಕ್ಟ್. ಇದು ಡಿಎನ್‌ಎಸ್‌ನ ಕೆಲಸ ಅಲ್ಲ ಅನ್ನೋದನ್ನ ಗಟ್ಟಿಯಾಗಿ ಇಟ್ಕೊಳ್ರಿ. ತಾಂಬಾ ಬಸ್‌ಸ್ಟ್ಯಾಂಡಿನಾಗ ಅಂಗಡಿ ಎಲ್ಲಿ ಅಂತ ಕೇಳಿದ್ರ ದಾರಿ ಹೇಳ್ತಾರಲ್ಲ, ಅದು ಡಿಎನ್‌ಎಸ್. ಅಂಗಡಿಗೆ ಹೋದಾಗ ಬಾಗಿಲಿಗೆ ಬೋರ್ಡ್ ಇರ್ತದಲ್ಲ, ಪಕ್ಕದ ಓಣಿಗೆ ಹೋಗಿದ್ದೀವಿ ಅಂತ, ಅದು ರೀಡೈರೆಕ್ಟ್. ಬೋರ್ಡ್ ತೂಗುಹಾಕಾಕ ಒಂದು ಬಾಗಿಲು ಬೇಕು, ಅಂದ್ರ ಆ ಹೆಸರಿಗೂ ಒಂದು ಸರ್ವರ್ ಬೇಕು. ಗಿಟ್‌ಹಬ್ ಪೇಜಸ್ ಅಂಥವು ಎರಡೂ ಹೆಸರಿನ ರೆಕಾರ್ಡ್ ಸರಿ ಇದ್ದರೆ ಈ ಕೆಲಸ ತಾವೇ ಮಾಡ್ತಾವ.

ಬೋರ್ಡಿನಲ್ಲೂ ಎರಡು ಜಾತಿ. 301 ಅಂದ್ರ ಕಾಯಂ, 302 ಅಂದ್ರ ತಾತ್ಕಾಲಿಕ. ಬ್ರೌಸರ್ 301 ಅನ್ನು ನೆನಪಿಟ್ಟುಕೊಳ್ಳುತ್ತೆ, ಮುಂದಿನ ಸಲ ಕೇಳದೇನೇ ಹೊಸ ಕಡೆ ಹೋಗುತ್ತೆ. ಹಂಗಾಗಿ ಮೊದಲು 302 ಹಾಕಿ ಎರಡು ದಿನ ನೋಡಿ, ಸರಿ ಅನ್ನಿಸಿದ ಮೇಲೆ 301 ಮಾಡೋದು ಶಾಣ್ಯಾತನ. ಡಬ್ಲ್ಯು ಇಲ್ಲದ್ದು ಇದ್ದದ್ದಕ್ಕೆ, ಇದ್ದದ್ದು ಇಲ್ಲದ್ದಕ್ಕೆ ಕಳಿಸಿದ್ರ ಗಿರಾಕಿ ಗಾಣದ ಎತ್ತಿನಂಗ ಸುತ್ತಬೇಕಾಗ್ತದ. ಬ್ರೌಸರ್ ಕೆಲವು ಸುತ್ತು ನೋಡಿ ಕೈಚೆಲ್ತದ.

ಇನ್ನೊಂದು, ಬೀಗದ ಚಿಹ್ನೆ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಎರಡೂ ಹೆಸರಿಗೆ ಇರಬೇಕು. ಇಲ್ಲಾಂದ್ರ ಬೋರ್ಡ್ ಓದೋ ಮೊದಲೇ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿ ಗಿರಾಕಿಯನ್ನ ಹೆದರಿಸ್ತದ. ಡೊಮೇನ್ ಮಾರೋ ಕೆಲವರ ಪುಕ್ಕಟೆ ಫಾರ್ವರ್ಡಿಂಗ್‌ನಲ್ಲಿ ಈ ಸರ್ಟಿಫಿಕೇಟ್ ಇರೂದಿಲ್ಲ, ಹಾಕೋ ಮೊದಲು ಕೇಳ್ರಿ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಅನ್ನೇ ಪುಕ್ಕಟೆ ಕೊಡ್ತದ, ಒಂದೇ ಸರ್ಟಿಫಿಕೇಟಿನಲ್ಲಿ ಎರಡೂ ಹೆಸರು ಸೇರಿಸಬಹುದು.

ರೆಕಾರ್ಡ್ ಬದಲಿಸಿದ ಕೂಡಲೇ ಎಲ್ಲರಿಗೂ ಕಾಣೂದಿಲ್ಲ. ಜಿಯೋ, ಏರ್‌ಟೆಲ್‌ನಂಥವರ ಡಿಎನ್‌ಎಸ್ ಸರ್ವರ್‌ಗಳು ಹಳೇ ಉತ್ತರವನ್ನ ಟಿಟಿಎಲ್ ಮುಗಿಯೋ ತನಕ ಇಟ್ಕೊಂಡಿರ್ತಾವ. ಟಿಟಿಎಲ್ 3600 ಇದ್ದರೆ ಒಂದು ತಾಸು, 86400 ಇದ್ದರೆ ಪೂರಾ ಒಂದು ದಿನ. ಹಿಂದಿನ ದಿನವೇ ಅದನ್ನ 300ಕ್ಕೆ ಇಳಿಸಿಟ್ಟರೆ ಮರುದಿನ ಐದು ನಿಮಿಷದ ಆಟ. ಇದನ್ನ ಮಾಡದೆ ರಾತ್ರಿಯೆಲ್ಲಾ ರಿಫ್ರೆಶ್ ಒತ್ತಿದ್ರ ಉಪಯೋಗ ಇಲ್ಲ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರು ತಗೊಳ್ಳೋರಿಗೂ ಇದೇ ಲೆಕ್ಕ. ಅದು ಮೂರನೇ ಹೆಸರು, ಅದರ ಡಬ್ಲ್ಯು ಜೋಡಿ ನಾಲ್ಕನೆಯದು. ನಾಲ್ಕಕ್ಕೂ ರೆಕಾರ್ಡ್, ನಾಲ್ಕಕ್ಕೂ ಸರ್ಟಿಫಿಕೇಟ್, ಮೂರರಿಂದ ಒಂದಕ್ಕೆ ರೀಡೈರೆಕ್ಟ್.

ಪರೀಕ್ಷೆ ನಿಮ್ಮ ಫೋನಿನಲ್ಲಿ ಬ್ಯಾಡ. ಎಂದೂ ಆ ಸೈಟ್ ತೆರೆಯದ ಯಾರದಾದರೂ ಫೋನ್ ತಗೊಳ್ರಿ, ವೈಫೈ ಬಂದ್ ಮಾಡಿ ಮೊಬೈಲ್ ಡೇಟಾ ಹಚ್ರಿ, ಇನ್‌ಕಾಗ್ನಿಟೊದಲ್ಲಿ ನಾಲ್ಕೂ ಬಗೆ ಟೈಪ್ ಮಾಡ್ರಿ: ಡಬ್ಲ್ಯು ಇಟ್ಟು, ಬಿಟ್ಟು, ಎಚ್‌ಟಿಟಿಪಿ ಜೊತೆ, ಎಚ್‌ಟಿಟಿಪಿಎಸ್ ಜೊತೆ. ಒಳಗಿನ ಒಂದು ಪುಟದ ಲಿಂಕನ್ನೂ ನೋಡ್ರಿ, ಉಪ್ಪಿನಕಾಯಿ ಪುಟ ಕೇಳಿದ್ರ ಉಪ್ಪಿನಕಾಯಿ ಪುಟವೇ ಬರಬೇಕು, ಮುಖಪುಟ ಅಲ್ಲ. ಕೊನೆಗೆ ಆ ಡೊಮೇನಿನ ಇಮೇಲ್‌ಗೆ ಬೇರೆ ಖಾತೆಯಿಂದ ಒಂದು ಮೇಲ್ ಹಾಕ್ರಿ. ಅದು ಬಂತಂದ್ರ ಸ್ಟಿಕರ್ ಪ್ರಿಂಟಿಗೆ ಕೊಡ್ರಿ.