ಅರ್ಧ ಆಟಗಾರ, ಮುಚ್ಚಿದ ಲಕೋಟೆ
(ಉಪನ್ಯಾಸವೊಂದರ ಪಠ್ಯ)



ಒಂದೇ ಹಸುವನ್ನು ಪಾಲು ಮಾಡಿಕೊಂಡ ಅಣ್ಣ ತಮ್ಮಂದಿರ ಕಥೆ ನಿಮಗೆಲ್ಲ ಗೊತ್ತು. ಮುಂಭಾಗ ತಮ್ಮನಿಗೆ, ಹಿಂಭಾಗ ಅಣ್ಣನಿಗೆ. ಮೇವು ಹಾಕುವವನು ಒಬ್ಬ, ಹಾಲು ಕರೆಯುವವನು ಇನ್ನೊಬ್ಬ. ಇಟಲಿಯ ಫುಟ್‌ಬಾಲ್ ಕ್ಲಬ್‌ಗಳು ದಶಕಗಳ ಕಾಲ ತಮ್ಮ ಆಟಗಾರರನ್ನು ಹೆಚ್ಚುಕಡಿಮೆ ಹೀಗೆಯೇ ಹಂಚಿಕೊಂಡಿದ್ದವು. ಅಲ್ಲಿ ಅದಕ್ಕೆ 'ಕೊಂಪ್ರೊಪ್ರಿಯೆತಾ' ಎಂದು ಹೆಸರು. ಕನ್ನಡದಲ್ಲಿ ಸಹ ಒಡೆತನ ಎನ್ನಬಹುದು.

ಹಾಗೆಂದು ಆಟಗಾರ ಒಂದು ವಾರ ಈ ತಂಡಕ್ಕೆ, ಮತ್ತೊಂದು ವಾರ ಆ ತಂಡಕ್ಕೆ ಆಡುತ್ತಿರಲಿಲ್ಲ. ಅವನ ನೋಂದಣಿ ಒಂದೇ ಕ್ಲಬ್‌ನಲ್ಲಿ. ಅವನು ಆಡುವುದೂ ಅದಕ್ಕೇ. ಇನ್ನೊಂದು ಕ್ಲಬ್ಬಿಗೆ ಇದ್ದದ್ದು ಅವನ ಬೆಲೆಯಲ್ಲಿ ಅರ್ಧ ಪಾಲು ಮಾತ್ರ. ಋತು ಮುಗಿದ ಮೇಲೆ ಇಬ್ಬರೂ ಕುಳಿತು ಮಾತನಾಡಬೇಕು. ಒಪ್ಪಂದವನ್ನು ಮುಂದುವರಿಸಬಹುದು, ಒಬ್ಬರ ಪಾಲನ್ನು ಇನ್ನೊಬ್ಬರು ಕೊಳ್ಳಬಹುದು. ಮಾತು ಮುರಿದರೆ ಇಬ್ಬರೂ ತಮ್ಮ ಬೆಲೆ ಬರೆದು ಲಕೋಟೆ ಮುಚ್ಚಿ ಕೊಡಬೇಕು. ಹೆಚ್ಚು ಬರೆದವರಿಗೆ ಆಟಗಾರ. ಎದುರಿನವನು ಎಷ್ಟು ಬರೆದಿದ್ದಾನೆಂದು ತಿಳಿಯುವಂತಿಲ್ಲ. ಕಡಿಮೆ ಬರೆದರೆ ಆಟಗಾರ ಹೋದ, ವಿಪರೀತ ಬರೆದರೆ ಬೊಕ್ಕಸವೇ ಹೋಯಿತು.

ಇದರ ಅತಿ ಪ್ರಸಿದ್ಧ ಉದಾಹರಣೆ ಪಾವ್ಲೊ ರೊಸ್ಸಿ. ಯುವೆಂಟಸ್‌ನಲ್ಲಿ ಬೆಳೆದ ಹುಡುಗ. ಮೊಣಕಾಲಿನ ಶಸ್ತ್ರಚಿಕಿತ್ಸೆಗಳಿಂದಾಗಿ ಅವನ ಭವಿಷ್ಯದ ಬಗ್ಗೆ ಅನುಮಾನವಿತ್ತು. 1976ರಲ್ಲಿ ಎರಡನೇ ದರ್ಜೆಯಲ್ಲಿದ್ದ ವಿಚೆಂಜಾ ಕ್ಲಬ್ ಅವನಲ್ಲಿ ಅರ್ಧ ಪಾಲು ಪಡೆಯಿತು. ಅಲ್ಲಿನ ತರಬೇತುದಾರ ಜಿ.ಬಿ. ಫಾಬ್ರಿ, ಅಂಚಿನಲ್ಲಿ ಆಡುತ್ತಿದ್ದವನನ್ನು ನಡುವಿಗೆ ತಂದು ನಿಲ್ಲಿಸಿದರು. ಮೊದಲ ವರ್ಷ 21 ಗೋಲು, ತಂಡಕ್ಕೆ ಬಡ್ತಿ. ಮರುವರ್ಷ ಅಗ್ರ ದರ್ಜೆಯಲ್ಲೇ 24 ಗೋಲು. ವಿಚೆಂಜಾ ಯುವೆಂಟಸ್‌ನ ಹಿಂದೆ ಎರಡನೇ ಸ್ಥಾನಕ್ಕೇರಿತು.

ಇಲ್ಲಿಯವರೆಗೆ ನೋಡಿದರೆ ಪದ್ಧತಿಯಲ್ಲಿ ಕೆಡುಕು ಕಾಣದು. ಪೂರ್ತಿ ಬೆಲೆ ತೆರಲಾಗದ ಸಣ್ಣ ಊರಿನ ಕ್ಲಬ್ಬಿಗೆ ಒಳ್ಳೆಯ ಹುಡುಗ ಸಿಕ್ಕ. ದೊಡ್ಡ ಕ್ಲಬ್‌ನ ಬೆಂಚಿನ ಮೇಲೆ ಕುಳಿತು ಸವೆಯಬೇಕಿದ್ದ ಹುಡುಗನಿಗೆ ಆಡಲು ಅವಕಾಶ ಸಿಕ್ಕಿತು. ಬರೀ ಎರವಲಾಗಿದ್ದರೆ ಅವನನ್ನು ತಿದ್ದಿ ತೀಡಿದ ಸಣ್ಣ ಕ್ಲಬ್ ವರ್ಷದ ಕೊನೆಗೆ ಬರಿಗೈಯಲ್ಲಿ ನಿಲ್ಲಬೇಕಿತ್ತು. ಪಾಲಿದ್ದರೆ ಆ ದುಡಿಮೆಗೆ ಬೆಲೆಯುಂಟು.

1978ರಲ್ಲಿ ಲಕೋಟೆ ತೆರೆಯುವ ದಿನ ಬಂತು. ಯುವೆಂಟಸ್ ಬರೆದದ್ದು 87.5 ಕೋಟಿ ಲಿರಾ. ವಿಚೆಂಜಾ ಅಧ್ಯಕ್ಷ ಜುಸೆಪ್ಪೆ ಫರೀನಾ ಬರೆದದ್ದು 261 ಕೋಟಿ! ಅದೂ ಅರ್ಧ ಆಟಗಾರನಿಗೆ. ಯುವೆಂಟಸ್ ಬರೆದ ಮೊತ್ತವನ್ನು ಒಂದು ಲಿರಾ ಮೀರಿಸಿದ್ದರೂ ಸಾಕಿತ್ತು. ಆದರೆ ಕತ್ತಲಲ್ಲಿ ಕೂಗುವ ಹರಾಜಿನಲ್ಲಿ ಅದು ತಿಳಿಯುವುದು ಹೇಗೆ? ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಮರುವರ್ಷ ರೊಸ್ಸಿಗೆ ಗಾಯವಾಯಿತು. ಆದರೂ 15 ಗೋಲು ಹೊಡೆದ. ಆದರೆ 1979ರಲ್ಲಿ ವಿಚೆಂಜಾ ಕೆಳದರ್ಜೆಗೆ ಬಿತ್ತು. ಗೆದ್ದುಕೊಂಡ ಆಟಗಾರನನ್ನು ಪೆರೂಜಾ ಕ್ಲಬ್ಬಿಗೆ ಬಾಡಿಗೆಗೆ ಬಿಡಬೇಕಾಯಿತು. ಆ ಹಣ ಹೊಂದಿಸಲು ಪೆರೂಜಾ ತನ್ನ ಅಂಗಿಯ ಮೇಲೆ ಪಾಸ್ತಾ ಕಂಪೆನಿಯೊಂದರ ಹೆಸರು ಹಾಕಿಕೊಂಡಿತೆಂಬುದು ಇನ್ನೊಂದು ಸ್ವಾರಸ್ಯ. ವಿಚೆಂಜಾ ಅಗ್ರ ದರ್ಜೆಗೆ ಮರಳಿದ್ದು 1995ರಲ್ಲಿ.

ಫರೀನಾ ಮೂರ್ಖತನ ಮಾಡಿದರೆಂದು ಹೇಳುವುದು ಸುಲಭ. ಆದರೆ ನಿಯಮವೇ ಸಣ್ಣವನನ್ನು ಆ ಮೂಲೆಗೆ ತಳ್ಳುತ್ತಿತ್ತು ಎಂಬುದೂ ನಿಜ. ದೊಡ್ಡ ಕ್ಲಬ್ ಒಬ್ಬನನ್ನು ಕಳೆದುಕೊಂಡರೆ ಇನ್ನೊಬ್ಬನನ್ನು ತರುತ್ತದೆ. ಸಣ್ಣ ಕ್ಲಬ್ ಗೆದ್ದರೂ ಸಾಲಗಾರ. ಲಕೋಟೆ ತೆರೆಯುವಾಗ ಆಟಗಾರನಿಗಂತೂ ಮತವೇ ಇಲ್ಲ. ಮುಂದಿನ ವರ್ಷ ಯಾವ ಊರಿನಲ್ಲಿ ಮನೆ ಹುಡುಕಬೇಕೆಂದು ಬೇರೆಯವರ ಕೈಬರಹ ನೋಡಿ ತಿಳಿಯಬೇಕು.

ಲೆಕ್ಕಪತ್ರದ ಕಣ್ಕಟ್ಟೂ ಸೇರಿಕೊಂಡಿತು. ಎರಡು ಕ್ಲಬ್‌ಗಳು ತಮ್ಮ ಹುಡುಗರ ಅರ್ಧರ್ಧ ಪಾಲನ್ನು ಏರಿಸಿದ ಬೆಲೆಗೆ ಅದಲುಬದಲು ಮಾಡಿಕೊಂಡರೆ, ಹಣ ಕೈ ಬದಲಾಯಿಸದೆಯೇ ಇಬ್ಬರ ಪುಸ್ತಕದಲ್ಲೂ ಲಾಭ! ಕೊನೆಗೆ 2014ರ ಮೇ ತಿಂಗಳಲ್ಲಿ ಇಟಲಿಯ ಫುಟ್‌ಬಾಲ್ ಒಕ್ಕೂಟ ಪದ್ಧತಿಯನ್ನೇ ರದ್ದು ಮಾಡಿತು. ಉಳಿದ ಒಪ್ಪಂದಗಳನ್ನು 2015ರ ಜೂನ್ ವೇಳೆಗೆ ಮುಗಿಸಬೇಕಾಯಿತು.

ಅದೇ 2015ರ ಮೇ 1ರಿಂದ ಫಿಫಾ ನಿಷೇಧಿಸಿದ್ದು ಬೇರೆಯೇ ಸಂಗತಿ, ಎರಡನ್ನೂ ಬೆರೆಸಬಾರದು. ಅಲ್ಲಿ ಪಾಲುದಾರ ಕ್ಲಬ್ ಅಲ್ಲ, ಹಣ ಹೂಡುವ ಕಂಪೆನಿ. 2006ರಲ್ಲಿ ಕಾರ್ಲೋಸ್ ತೆವೆಸ್ ಇಂಗ್ಲೆಂಡಿನ ವೆಸ್ಟ್ ಹ್ಯಾಮ್‌ಗೆ ಬಂದಾಗ ಅವನ ಹಕ್ಕು ಇಂಥ ಕಂಪೆನಿಗಳ ಕೈಯಲ್ಲಿತ್ತು. ಒಪ್ಪಂದ ಮುಚ್ಚಿಟ್ಟದ್ದಕ್ಕೆ ಕ್ಲಬ್ಬಿಗೆ 55 ಲಕ್ಷ ಪೌಂಡ್ ದಂಡ ಬಿತ್ತು.

ಹಂಚಿಕೊಳ್ಳುವ ಆಸೆ ಮಾತ್ರ ಸಾಯಲಿಲ್ಲ. 2014ರಲ್ಲಿ ರಿಯಲ್ ಮ್ಯಾಡ್ರಿಡ್ ಕ್ಲಬ್ ಆಲ್ವಾರೊ ಮೊರಾಟಾನನ್ನು 2 ಕೋಟಿ ಯೂರೊಗೆ ಯುವೆಂಟಸ್‌ಗೆ ಮಾರಿ, ಮರಳಿ ಕೊಳ್ಳುವ ಹಕ್ಕನ್ನು ಇಟ್ಟುಕೊಂಡಿತ್ತು. 2016ರಲ್ಲಿ 3 ಕೋಟಿ ಕೊಟ್ಟು ವಾಪಸು ಕರೆಸಿಕೊಂಡಿತು. ಇಲ್ಲಿ ಬೆಲೆ ಮೊದಲೇ ಕಾಗದದ ಮೇಲಿರುತ್ತದೆ. ಲಕೋಟೆಯ ಜೂಜು ಇಲ್ಲ.

ರೊಸ್ಸಿ 1981ರಲ್ಲಿ ಯುವೆಂಟಸ್‌ಗೆ ಮರಳಿದ. 1982ರ ವಿಶ್ವಕಪ್‌ನಲ್ಲಿ 6 ಗೋಲು ಹೊಡೆದು ಇಟಲಿಗೆ ಕಪ್ ತಂದ. 2020ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆದದ್ದು ಯುವೆಂಟಸ್‌ನ ಟ್ಯೂರಿನ್ ನಗರದಲ್ಲಲ್ಲ, ವಿಚೆಂಜಾದ ಪ್ರಧಾನ ಚರ್ಚಿನಲ್ಲಿ.